ನೆಲ ಮುಟ್ಟದ ಸಲಹೆಗಾರ್ತಿ

ನಮ್ಮೂರಿನ ಬಸ್ ತಂಗುದಾಣ ನೆಲದಿಂದ ಒಂದಾಳೆತ್ತರ ಮೇಲಿದೆ. ಏಣಿ ಹತ್ತಿ ಹೋಗಿ ಕೂರಬೇಕು. ನಾಲ್ಕು ಮೂಲೆಗೂ ತೆಂಗಿನ ನಾರಿನ ಹಗ್ಗ ಕಟ್ಟಿ, ಎರಡನ್ನು ಹೊಂಗೆಮರಕ್ಕೂ ಎರಡನ್ನು ಪೋಸ್ಟಾಫೀಸಿನ ಕಂಬಕ್ಕೂ ಬಿಗಿದಿದ್ದಾರೆ. ಗಾಳಿಯ ದಿನ ಅದು ತೊಟ್ಟಿಲಿನಂತೆ ತೂಗುತ್ತದೆ. ಬಸ್ಸಿನಲ್ಲಿ ಎಲ್ಲಿಗೂ ಹೋಗಬೇಕಿಲ್ಲದ ತಾಯಂದಿರು ಕೂಡ ಮಧ್ಯಾಹ್ನ ಕೈಗೂಸು ಎತ್ತಿಕೊಂಡು ಬಂದು, ಅಲ್ಲಿ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಇಳಿದುಹೋಗುತ್ತಾರೆ. ಸೀಮೆಯ ಪರಿಷತ್ತಿನ ಹಿಂದಿನ ಅಧ್ಯಕ್ಷರೊಬ್ಬರು ಯಾರನ್ನೂ ಕೇಳದೆ, ಯಾರದೋ ಜಾಗದಲ್ಲಿ, ಚುನಾವಣೆಯ ಅವಸರದಲ್ಲಿ ಅದನ್ನು ಕಟ್ಟಿಸಿದ್ದು. ಟೇಪು ಕತ್ತರಿಸುವ ಹೊತ್ತಿಗೇ ಪಾಯದ ಕೆಳಗೆ ಬೆಳಕು ಕಂಡಿತಂತೆ.

ಪರಿಷತ್ತು ಕಾನೂನು ತಪ್ಪಿ ಮಾಡಿದ್ದು ನಮ್ಮ ಸೀಮೆಯಲ್ಲಿ ನೆಲದ ಮೇಲೆ ನಿಲ್ಲುವುದಿಲ್ಲ. ಬೇರೆಯವರ ವಿಷಯ ಹಾಗಲ್ಲ. ಮನೆಮಂದಿ ತಮ್ಮ ತಮ್ಮ ತಪ್ಪುಗಳನ್ನು ಎಲ್ಲ ಕಡೆಯವರ ಹಾಗೆಯೇ ನೆಲದ ಮೇಲೆ ಇಟ್ಟುಕೊಂಡು ಬಾಳುತ್ತಾರೆ. ಪರಿಷತ್ತಿನದು ಮಾತ್ರ, ಬೇಗವೋ ನಿಧಾನವೋ, ಮೇಲಕ್ಕೇಳುತ್ತದೆ. ಯಾಕೆಂದು ಹೊಸಬರು ಕೇಳುತ್ತಾರೆ. ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೊಸ ಮೋರಿಯಾದರೆ ಮೊದಲು ಒಂದು ಕಾಲಿಟ್ಟು ಅದುಮಿ ನೋಡುತ್ತೇವೆ, ಹೊಸ ನಲ್ಲಿಕಟ್ಟೆಯಾದರೆ ಅಂಗೈಯಿಂದ ಒತ್ತಿ ನೋಡುತ್ತೇವೆ. ಬರೀ ಶಿಫಾರಸಿನ ಮೇಲೆ ಪರಿಷತ್ತಿನ ಕೆಲಸಕ್ಕೆ ಸೇರಿದ ಉಗ್ರಾಣದ ಗುಮಾಸ್ತನೊಬ್ಬ, ಮೇಲೆ ಹೋಗದಂತೆ ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಬಲಗೈಯಲ್ಲಿ ಸಹಿ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕೊನೆಗೆ ಅವನು ಸಂತೆಯಲ್ಲಿ ಹಗ್ಗದ ಅಂಗಡಿ ಇಟ್ಟ. ವ್ಯಾಪಾರ ಚೆನ್ನಾಗಿತ್ತು.

ನಾನು ಕೆಲಸ ಮಾಡುವುದು ಪರಿಷತ್ತಿನ ಕಾನೂನು ಸಲಹೆಗಾರರ ಕಚೇರಿಯಲ್ಲಿ. ಊರವರು ಅದನ್ನು ಸಲಹೆ ಆಫೀಸು ಎನ್ನುತ್ತಾರೆ. ಪರಿಷತ್ತು ಮೋರಿ ಕಟ್ಟಲಿ, ಸಂತೆಯ ಜಾಗ ಬದಲಿಸಲಿ, ಒಬ್ಬ ಜವಾನನನ್ನು ಸೇರಿಸಿಕೊಳ್ಳಲಿ, ಕಾಗದ ಮೊದಲು ನಮ್ಮಲ್ಲಿಗೆ ಬರಬೇಕು. ಸಲಹೆಗಾರರು ಓದಿ, ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ಬರೆಯುತ್ತಾರೆ. ಪರಿಷತ್ತಿನ ಮೇಲೆ ಯಾರಾದರೂ ದಾವೆ ಹೂಡಿದರೆ ಕೋರ್ಟಿಗೆ ಹೋಗಿ ವಾದಿಸುವವರೂ ಅವರೇ. ಆದರೆ ಬರೆದಷ್ಟಕ್ಕೇ ಅದು ಸಲಹೆಯಾಗುವುದಿಲ್ಲ. ಕಾನೂನು ಓದದ ಒಬ್ಬ ಮನುಷ್ಯನ ಎದುರು ಕೂತು ಅದನ್ನು ಗಟ್ಟಿಯಾಗಿ ಓದಬೇಕು. ಅವನು ಪೂರ್ತಿ ಕೇಳಿ, ‘ಕೇಳಿಸಿತು’ ಎನ್ನಬೇಕು. ಆಮೇಲೇ ಅದಕ್ಕೆ ತೂಕ ಬರುವುದು. ಆ ಮನುಷ್ಯ ನಾನು. ಹೆಸರು ಧರಣಪ್ಪ, ಹುದ್ದೆ ಕೇಳುಗ.

ಈ ಹುದ್ದೆಗೆ ಬೇಕಾದ ವಿದ್ಯೆ ನನಗೆ ಅಜ್ಜನಿಂದ ಬಂತು. ಅಜ್ಜ ಬಸದಿಯ ಜಗುಲಿಯಲ್ಲಿ ಕೂತು ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಅರ್ಥ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಪದ್ಯ ಎಲ್ಲಿ ಉಸಿರು ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ, ಯಾವ ಸಾಲಿನ ಕೊನೆಗೆ ಅಜ್ಜನ ದನಿ ತಾನಾಗಿ ತಗ್ಗುತ್ತದೆ ಎಂಬುದು ಮೈಗೆ ಹತ್ತಿತ್ತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಹಳೆಯ ಸಲಹೆಗಾರರು ಗುರುಲಿಂಗಯ್ಯನವರು. ಸಂದರ್ಶನದ ದಿನ ಅವರು ಚರಂಡಿಯ ಕರಾರೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬಂದವರಲ್ಲಿ ಕೆಲವರು ತೂಕಡಿಸಿದರು, ಕೆಲವರು ಎಲ್ಲದಕ್ಕೂ ಹೌದು ಹೌದೆಂದು ತಲೆಯಾಡಿಸಿದರು. ನಾನು ಎರಡನ್ನೂ ಮಾಡಲಿಲ್ಲ. ಅವರು ಕನ್ನಡಕ ತೆಗೆದು, ‘ನಾಳೆಯಿಂದ ಬನ್ನಿ’ ಎಂದರು.

ಆಗ ಆಫೀಸಿನಲ್ಲಿ ಸಲಹೆಗಾರರು, ಕೋರ್ಟಿಗೆ ಓಡಾಡುವ ಒಬ್ಬ ಕಿರಿಯ ವಕೀಲ, ಕರಾರು ಬರೆಯುವ ಇನ್ನೊಬ್ಬ, ಟೈಪು ಮಾಡುವ ಫಿಲೋಮಿನಾ, ನಾನು, ಇಷ್ಟು ಜನ. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಬಹಳ ವರ್ಷ ಊರಿನಲ್ಲಿ ಒಂದು ದೀಪದ ಕಂಬವೂ ಅಲುಗಲಿಲ್ಲ. ಅದೇ ನಮಗೆ ಮುಳುವಾಯಿತು. ಪರಿಷತ್ತಿನ ಸದಸ್ಯ ಕೆಂಚೇಗೌಡರು ಎದ್ದು, ‘ಏನೂ ಮೇಲಕ್ ಹೋಗ್ತಾನೇ ಇಲ್ವಲ್ಲ, ಇಷ್ಟ್ ಜನ ಕೂತ್ಕಂಡು ಏನ್ ಮಾಡ್ತಾವ್ರೆ ಅಲ್ಲಿ?’ ಎಂದು ಕೇಳಿದರು. ಕೇಳಿದ ರೀತಿ ಸಭೆಗೆ ಸರಿಯೆನಿಸಿತು. ಕಿರಿಯರಿಬ್ಬರನ್ನೂ ನೀರಾವರಿ ಇಲಾಖೆಗೆ ಕಳಿಸಿದರು. ಗುರುಲಿಂಗಯ್ಯನವರು ನಿವೃತ್ತರಾದಾಗ ಅವರ ಕುರ್ಚಿಯನ್ನೂ ಖಾಲಿ ಬಿಟ್ಟರು. ಆಫೀಸಿನಲ್ಲಿ ಉಳಿದವರು ಟೈಪು ಮಾಡಲು ಏನೂ ಇಲ್ಲದ ಫಿಲೋಮಿನಾ, ಕೇಳಲು ಏನೂ ಇಲ್ಲದ ನಾನು. ಅವಳು ಸ್ವೆಟರ್ ಹೆಣೆದಳು. ನಾನು ಜಪ ಮಾಡಿದೆ.

ಮಳೆಗಾಲ ಮುಗಿಯುವುದರೊಳಗೆ ಉದ್ಯಾನದ ಬೆಂಚುಗಳು ಎದ್ದವು. ಮೀನು ಮಾರುವ ಕಟ್ಟೆ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಬಗ್ಗುವುದು ತಪ್ಪಿತೆಂದು ಮೀನಿನವರು ಖುಷಿಪಟ್ಟರು, ಎಟುಕುವುದಿಲ್ಲವೆಂದು ಬೆಕ್ಕುಗಳು ಮುನಿಸಿಕೊಂಡವು. ಅಷ್ಟರವರೆಗೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಪರಿಷತ್ತು ಒಂದು ಹೆರಿಗೆ ವಾರ್ಡು ಕಟ್ಟಿಸಲು ಹೊರಟಿತ್ತು. ಅಧ್ಯಕ್ಷೆ ದೇವೀರಮ್ಮನವರ ಕನಸು ಅದು. ಅವರು ನಮ್ಮ ಆಫೀಸಿಗೆ ಬಂದು ಖಾಲಿ ಕುರ್ಚಿಯ ಬೆನ್ನು ತಟ್ಟಿ, ‘ಹೆರಿಗೆ ವಾರ್ಡ್ ಮಾತ್ರ ಏಣಿ ಹತ್ತೋ ಹಾಗೆ ಆಗ್ಬಾರ್ದಪ್ಪ. ಈ ತಿಂಗಳಲ್ಲೇ ಇಲ್ಲಿ ಯಾರನ್ನಾದ್ರೂ ಕೂರಿಸ್ತೀನಿ’ ಎಂದರು.

ದೇವೀರಮ್ಮನವರು ಆಡಿದ್ದನ್ನು ಮಾಡುವವರು. ಸ್ವಲ್ಪ ಬೇಗ ಮಾಡುವವರು. ಪಕ್ಕದ ತಾಲ್ಲೂಕಿನ ಕಾತ್ಯಾಯಿನಿ ಎಂಬ ವಕೀಲೆಯ ಅರ್ಜಿ ಅವರಿಗೆ ಹಿಡಿಸಿತು. ಸಭೆ ಕರೆದರು. ಆ ದಿನ ಬೀದಿನಾಯಿಗಳ ವಿಷಯ ಎಳೆದು ಎಳೆದು ಊಟದ ಹೊತ್ತು ಮೀರಿತು. ದೇವೀರಮ್ಮನವರ ಮನೆಯಲ್ಲಿ ಅದೇ ದಿನ ಮೊಮ್ಮಗಳ ನಾಮಕರಣ. ಅಡುಗೆಯನ್ನು ಸಭಾಂಗಣಕ್ಕೇ ತರಿಸಿ, ಚಾಪೆ ಹಾಸಿ, ಸಾಲಾಗಿ ಎಲೆ ಹಾಕಿಸಿದರು. ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತ ಬಂದ ಅವರಿಗೆ ಏನೋ ಹೊಳೆಯಿತು. ನಮ್ಮ ಪರಿಷತ್ತಿನಲ್ಲಿ ಕೈಯೆತ್ತುವ ಪದ್ಧತಿ ಇಲ್ಲ. ಒಪ್ಪುವವರು ಕೂತಿರಬೇಕು, ಒಪ್ಪದವರು ಎದ್ದು ನಿಲ್ಲಬೇಕು. ‘ಎಲ್ರೂ ಕೂತಿದ್ದೀರಲ್ಲ? ಹಾಗಾದ್ರೆ ಕಾತ್ಯಾಯಿನಿಯೋರ ನೇಮಕ ಒಪ್ಪಿಗೆ ಆಯ್ತು ಅಂತ ಬರ್ಕೊಳ್ರಪ್ಪ’ ಎಂದರು. ಎಲ್ಲರೂ ನಕ್ಕರು. ಪರಿಷತ್ತು ಶುರುವಾದಂದಿನಿಂದ ಒಬ್ಬರೂ ಏಳದೆ ಆದ ತೀರ್ಮಾನ ಅದೊಂದೇ ಇರಬೇಕು.

ಕಾತ್ಯಾಯಿನಿ ಸೋಮವಾರ ಬಂದರು. ಮೂವತ್ತೈದರ ಆಸುಪಾಸು, ಎತ್ತರದ ಹೆಂಗಸು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ತಮ್ಮ ತಾಲ್ಲೂಕಿನಲ್ಲಿದ್ದ ವಕೀಲಿಯನ್ನು ಮುಚ್ಚಿ ಬಂದಿದ್ದರು. ‘ಅಲ್ಲಿ ಹತ್ತು ವರ್ಷ ನಾನು ಮುಂದಿನ ತಾರೀಕು ಕೇಳೋ ಅರ್ಜಿಗಳನ್ನೇ ಹಾಕಿದ್ದು ಧರಣಪ್ಪನೋರೇ. ಇಲ್ಲಿ ನಾನು ಆಗುತ್ತೆ ಅಂದ ಮೋರಿ ಮೇಲೆ ಜನ ಓಡಾಡ್ತಾರೆ. ಇದಕ್ಕಿಂತ ಏನು ಬೇಕು ಹೇಳಿ?’ ಎಂದರು ಮೊದಲ ದಿನವೇ.

ಅವರು ಓದುವ ರೀತಿ ನನಗೆ ಹಿಡಿಸಿತು. ಗುರುಲಿಂಗಯ್ಯನವರು ಸಲಹೆಯನ್ನು ಮಂತ್ರದಂತೆ ಒಂದೇ ದನಿಯಲ್ಲಿ ಓದುತ್ತಿದ್ದರು. ಇವರು ‘ಆದರೆ’ ಬಂದಾಗ ಒಂದು ಕ್ಷಣ ನಿಂತು, ಎದುರಿದ್ದವನ ಮುಖ ನೋಡಿ, ಆಮೇಲೆ ಮುಂದುವರಿಯುತ್ತಿದ್ದರು. ಬೇಡ ಎಂದು ಬರೆದರೆ, ಹೇಗೆ ಮಾಡಿದರೆ ಆದೀತು ಎಂಬುದನ್ನೂ ಅದರ ಕೆಳಗೇ ಬರೆಯುತ್ತಿದ್ದರು. ಬೆಂಚುಗಳು ಇಳಿದವು. ಮೀನಿನ ಕಟ್ಟೆ ಇಳಿಯಿತು. ನೀರಾವರಿಗೆ ಹೋದ ಕಿರಿಯರಲ್ಲಿ ಒಬ್ಬನನ್ನಾದರೂ ವಾಪಸು ಕೊಡಿ, ಒಬ್ಬಳೇ ಕೋರ್ಟಿಗೂ ಹೋಗಿ ಇಲ್ಲೂ ಕೂರಲು ಆಗದು ಎಂದು ಅವರು ಕೇಳಿದ್ದಕ್ಕೆ ಮಾತ್ರ ಪರಿಷತ್ತು ಇನ್ನೂ ಉತ್ತರ ಕೊಟ್ಟಿಲ್ಲ.

ಸದಸ್ಯರಿಗೆ ಅವರನ್ನು ಅರಗಿಸಿಕೊಳ್ಳುವುದು ಅಷ್ಟು ಸುಲಭವಾಗಲಿಲ್ಲ. ಒಬ್ಬರ ಭಾವಮೈದನ ಗುತ್ತಿಗೆಗೆ ಆಗಲ್ಲ ಎಂದರು. ಇನ್ನೊಬ್ಬರ ಮನೆಯ ಮುಂದಷ್ಟೇ ಡಾಂಬರು ಹಾಕುವುದಕ್ಕೆ ಆಗಲ್ಲ ಎಂದರು. ಒಂದು ದಿನ ಸ್ವತಃ ದೇವೀರಮ್ಮನವರೇ ಬಂದು, ತಮ್ಮ ಗದ್ದೆಯ ಬದುವಿನ ಜಗಳದಲ್ಲಿ ಒಂದು ನೋಟೀಸು ಬರೆದುಕೊಡಿ ಎಂದು ಕೇಳಿದರು.

‘ಅದು ನನ್ನ ಕೈಲಾಗಲ್ಲ ಅಮ್ಮ,’ ಎಂದರು ಕಾತ್ಯಾಯಿನಿ.

‘ಅಯ್ಯೋ, ನಿಮ್ಮನ್ನ ಇಲ್ಲಿ ಕೂರಿಸಿದ್ದೇ ನಾನಲ್ವೇನಮ್ಮ?’

‘ಕೂರಿಸಿದ್ದು ನೀವೇ. ಆದ್ರೆ ಕೂತಿರೋದು ಸೀಮೆಗೆ. ನಾಳೆ ಆ ಬದುವಿನ ಆಚೆಯೋರು ಪರಿಷತ್ತಿಗೆ ಒಂದರ್ಜಿ ತಂದ್ರೆ, ಅವರ ಮುಖ ನಾನು ಹೇಗೆ ನೋಡ್ಲಿ?’

ದೇವೀರಮ್ಮನವರು ಒಂದು ಕ್ಷಣ ಬಿಗಿದುಕೊಂಡರು. ಆಮೇಲೆ ನಕ್ಕು, ‘ಕೂರಿಸಿದ ಕುರ್ಚಿ ನನಗೇ ಎದುರಾಯ್ತಲ್ಲಪ್ಪ’ ಎನ್ನುತ್ತ ಹೋದರು. ಹೊರಗೆ ಫಿಲೋಮಿನಾಗೆ, ‘ಒಳ್ಳೇ ಹುಡುಗಿ ಕಣೇ, ಸ್ವಲ್ಪ ಖಾರ ಜಾಸ್ತಿ’ ಎಂದದ್ದು ನನ್ನ ಕಿವಿಗೆ ಬಿತ್ತು.

ಆ ಖಾರದ ಹುಡುಗಿಯ ಹೆಜ್ಜೆಯ ಸದ್ದು ನಿಂತಿದ್ದನ್ನು ಮೊದಲು ಗಮನಿಸಿದವನು ನಾನು. ಬಂದ ಹೊಸದರಲ್ಲಿ ಅವರ ಚಪ್ಪಲಿ ಟಪಟಪ ಎನ್ನುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಅವರು ಯಾವಾಗ ಬಂದರು, ಯಾವಾಗ ಹೋದರು ಎಂಬುದೇ ತಿಳಿಯದಂತಾಯಿತು. ಚಪ್ಪಲಿ ಬದಲಿಸಿರಬೇಕು ಎಂದುಕೊಂಡೆ. ಆಮೇಲೆ ಫಿಲೋಮಿನಾ, ‘ಮೇಡಂ, ಇದೇನು, ತೊಡೆ ಮೇಲೆ ಯಾವಾಗ್ಲೂ ಎರಡು ದಪ್ಪ ಪುಸ್ತಕ ಇಟ್ಕೊಂಡೇ ಕೂತಿರ್ತೀರಿ?’ ಎಂದು ಕೇಳಿದಳು. ‘ಓದೋಕೆ’ ಎಂದರು. ಪುಸ್ತಕ ತಲೆಕೆಳಗಾಗಿತ್ತು.

ನಿಜ ಹೊರಬಿದ್ದದ್ದು ಕೆಂಚೇಗೌಡರಿಂದ. ಹೆರಿಗೆ ವಾರ್ಡಿನ ಉದ್ಘಾಟನೆಗೆ ಐದೋ ಆರೋ ದಿನ ಬಾಕಿಯಿತ್ತು. ಅವರು ಜಗಳಕ್ಕೆಂದೇ ಬಂದವರು. ತಮ್ಮ ತಂದೆಯ ಹೆಸರಿನಲ್ಲಿ ಒಂದು ಸಮುದಾಯ ಭವನವನ್ನು ಹಳೆಯ ಕಾಲುವೆಯ ಮೇಲೆ ಕಟ್ಟಬೇಕೆಂದು ಅವರ ಆಸೆ. ಕಾತ್ಯಾಯಿನಿ ಕಾಲುವೆಯನ್ನು ಮುಚ್ಚಲು ಆಗಲ್ಲ ಎಂದಿದ್ದರು.

‘ಎಲ್ಲಕ್ಕೂ ಆಗಲ್ಲ, ಆಗಲ್ಲ! ಅವತ್ತೇ ನಾನು ನಿಮ್ಮನ್ನ ಬ್ಯಾಡ ಅನ್ನೋನು, ತಿಳ್ಕಳಿ. ಆ ಹೋಳಿಗೆ ಒಂದು ಅಡ್ಡ ಬಂತು,’ ಎಂದರು ಗೌಡರು.

‘ಯಾವ ಹೋಳಿಗೆ?’

‘ಇನ್ಯಾವುದು, ನಾಮಕರಣದ್ದು! ತುಪ್ಪ ಬಿಡ್ತಾ ಬಂದು, ಕೂತಿದ್ದೀರಲ್ಲ, ಒಪ್ಗೆ ಅಂದ್ಬುಟ್ರು ಆಯಮ್ಮ. ಪಂಕ್ತಿಲಿ ಹಿರೀರು ಇನ್ನೂ ಅನ್ನ ಕಲಸ್ತಾ ಅವ್ರೆ. ಅವರು ಏಳೋ ಗಂಟ ನಾನು ಎಂಗೆ ಏಳ್ಲಿ? ಎಂಜಲು ಕೈಯಲ್ಲಿ ಎದ್ದು ನಿಂತ್ಕಂಡು ಬ್ಯಾಡ ಅನ್ಲಾ? ನಮಗೂ ಒಂದ್ ಮರ್ವಾದೆ ಐತಲ್ಲ!’

ಕಾತ್ಯಾಯಿನಿ ತಡೆದು ತಡೆದು ಕೇಳಿದರು. ‘ಅವತ್ತು ನೀವೆಲ್ಲ ಕೂತಿದ್ದು... ಊಟಕ್ಕಾ?’

‘ಮತ್ತಿನ್ಯಾತಕ್ಕೆ?’

ಅವರ ತೊಡೆಯ ಮೇಲಿದ್ದ ಪುಸ್ತಕಗಳು ಕೆಳಕ್ಕೆ ಬಿದ್ದವು. ಅವರು ಮೆಲ್ಲಗೆ, ನೀರಿನಲ್ಲಿ ಬಿಟ್ಟ ಸೋರೆಬುರುಡೆಯಂತೆ ಕುರ್ಚಿಯಿಂದ ಒಂದು ಗೇಣು ಮೇಲೆ ಬಂದರು. ಫಿಲೋಮಿನಾ ಟೈಪುಯಂತ್ರದ ಹಿಂದಿನಿಂದ ಓಡಿಬಂದು ಅವರ ಸೆರಗು ಹಿಡಿದು ಕೂರಿಸಿದಳು. ಕೆಂಚೇಗೌಡರು, ‘ನಾನೇನೂ ಮಾಡ್ಲಿಲ್ಲಪ್ಪ, ನಾನು ಬರೀ ಮಾತಾಡ್ದೆ’ ಎನ್ನುತ್ತ ಹಿಂದಕ್ಕೆ ಹಿಂದಕ್ಕೆ ನಡೆದು ಬಾಗಿಲು ದಾಟಿದರು.

ನಾವು ಮೂವರೇ ಉಳಿದೆವು. ‘ಏಳೋಕೆ ಆಗದೇ ಇದ್ದಾಗ ಕೂತಿದ್ದನ್ನ ಒಪ್ಪಿಗೆ ಅಂತ ಹೇಗೆ ಅನ್ನೋದು? ನಾನು ಸಲಹೆಗಾರ್ತಿಯೇ ಅಲ್ಲ ಧರಣಪ್ಪನೋರೇ. ಒಂದು ದಿನವೂ ಆಗಿರ್ಲಿಲ್ಲ,’ ಎಂದರು ಕಾತ್ಯಾಯಿನಿ.

ಫಿಲೋಮಿನಾ ಸುಮ್ಮನಿರಲಿಲ್ಲ. ‘ಇಷ್ಟಕ್ಕೇ ಹೆದರ್ತೀರಾ ಮೇಡಂ? ನಮ್ಮನೇಲಿ ರುಬ್ಬೋ ಗುಂಡು ಇದೆ, ಚೀಲದಲ್ಲಿ ಹಾಕ್ಕೊಡ್ತೀನಿ, ಹೆಗಲಿಗೆ ಹಾಕ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ. ಗೌಡ್ರ ಮಾತು ಯಾರು ನಂಬ್ತಾರೆ?’

‘ನಾನು ಗುಂಡು ಹೊತ್ಕೊಂಡು ಇರ್ಬಹುದು ಫಿಲೋಮಿನಾ. ವಾರ್ಡಿಗೆ ಏನು ಕಟ್ತೀರಿ?’

ವಾರ್ಡಿಗೆ ಒಪ್ಪಿಗೆ ಕೊಟ್ಟದ್ದು ಕಾತ್ಯಾಯಿನಿ. ಅವರೇ ಸಲಹೆಗಾರರಲ್ಲವೆಂದ ಮೇಲೆ ಆ ಒಪ್ಪಿಗೆಯೂ ಒಪ್ಪಿಗೆಯಲ್ಲ. ಫಿಲೋಮಿನಾಳ ಸೊಸೆಗೆ ದಿನ ತುಂಬುತ್ತಿತ್ತು. ಹೊಸ ವಾರ್ಡಿನ ಮೊದಲ ಹಾಸಿಗೆ ಅವಳಿಗೆಂದೇ ಗೊತ್ತಾಗಿತ್ತು. ಆ ಸಂಜೆ ನಾವು ಮೂವರೂ ಹೋಗಿ ನೋಡಿದೆವು. ದಾರಿಯಲ್ಲಿ, ಇಳಿದಿದ್ದ ಬೆಂಚುಗಳೂ ಮತ್ತೆ ಅಲುಗತೊಡಗಿದ್ದವು. ಹಳದಿ ಬಣ್ಣ ಬಳಿದ ಕಟ್ಟಡ ಮದುವಣಗಿತ್ತಿಯಂತೆ ನಿಂತಿತ್ತು. ಫಿಲೋಮಿನಾ ಸ್ವೆಟರಿನ ಉಲ್ಲನ್ ದಾರದ ತುದಿಯನ್ನು ಗೋಡೆಯ ಬುಡಕ್ಕೆ ಹಿಡಿದಳು. ದಾರ ಸಲೀಸಾಗಿ ಪಾಯದ ಕೆಳಗೆ ತೂರಿಹೋಯಿತು.

‘ಅಯ್ಯೋ ಮಾತೆ! ನನ್ನ ಮೊಮ್ಮಗು ಗಾಳಿಪಟದ ಹಾಗೆ ಹುಟ್ಟೋದು ಬೇಡಮ್ಮಾ!’ ಎಂದು ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಮರುದಿನ ಕಾತ್ಯಾಯಿನಿ ಅಧ್ಯಕ್ಷರ ಕೋಣೆಗೆ ಹೋದರು. ಬಾಗಿಲ ಬಳಿ ಹಾರಿಹೋಗದಂತೆ ನನ್ನ ತೋಳು ಹಿಡಿದುಕೊಂಡಿದ್ದರು, ಆದ್ದರಿಂದ ನಾನೂ ಹೋದೆ. ವಿಷಯ ಕೇಳಿ ದೇವೀರಮ್ಮನವರ ಮುಖ ಬಾಡಿತು.

‘ಪ್ರೀತಿಯಿಂದ ಊಟ ಹಾಕಿದ್ದೂ ತಪ್ಪಾಯ್ತಾ?’

‘ಊಟ ತಪ್ಪಲ್ಲ ಅಮ್ಮ. ಹೋಳಿಗೆ ಚೆನ್ನಾಗಿತ್ತು ಅಂತ ಗೌಡ್ರು ಕೂಡ ಒಪ್ತಾರೆ. ಇನ್ನೊಂದು ಸಲ ಸಭೆ ಕರೀರಿ. ಕುರ್ಚಿ ಹಾಕಿಸಿ. ಏಳ್ಬೇಕು ಅನ್ನೋರಿಗೆ ಏಳೋಕೆ ಜಾಗ ಇರ್ಲಿ.’

‘ಎದ್ಬಿಟ್ರೆ?’

ನಮ್ಮ ಮೂವರ ತಲೆಯಲ್ಲೂ ಒಂದೇ ಎಣಿಕೆ ನಡೆದಿರಬೇಕು. ಕಾತ್ಯಾಯಿನಿಯವರಿಂದ ಆಗಲ್ಲ ಎನಿಸಿಕೊಳ್ಳದ ಸದಸ್ಯ ಪರಿಷತ್ತಿನಲ್ಲಿ ಯಾರಿದ್ದರು? ಅಂದು ಇವರು ಹೊಸಬರೆಂದು ಕೂತವರೂ ಇಂದು ಇವರನ್ನು ಬಲ್ಲೆವೆಂದೇ ಏಳಬಹುದಿತ್ತು.

‘ಎದ್ರೆ ನಾನು ಹೋಗ್ತೀನಿ. ಬರೋರು ಯಾರೋ ಅವರು ವಾರ್ಡಿನ ಕಾಗದ ಓದಿ ಒಪ್ಪಿಗೆ ಕೊಡ್ತಾರೆ. ಅದು ನಿಲ್ಲುತ್ತೆ,’ ಎಂದರು ಕಾತ್ಯಾಯಿನಿ. ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿತು. ಅವರಿಗೆ ಆ ಕುರ್ಚಿ ಎಷ್ಟು ಬೇಕಾಗಿತ್ತು ಎಂಬುದು ನನಗೆ ಆ ತಗ್ಗಿದ ದನಿಯಲ್ಲಿ ಕೇಳಿತು. ಆ ರಾತ್ರಿ ಅವರು ಮಂಚಕ್ಕೆ ಸೀರೆ ಕಟ್ಟಿಕೊಂಡು ಮಲಗಿದರೆಂದು ಗಿರಣಿಯ ಹೆಂಗಸು ಆಮೇಲೆ ಹೇಳಿದಳು. ನಾನು ಬೆಳಗ್ಗೆ ಬಸದಿಯಲ್ಲಿ ಅವರ ಹೆಸರು ಹೇಳಿ ಒಂದು ಕಾಯಿ ಇಟ್ಟು ಬಂದೆ. ಕೊಡು ಎಂದು ಬೇಡುವುದು ನಮ್ಮಲ್ಲಿ ಇಲ್ಲ, ಹಾಗಾಗಿ ಏನನ್ನೂ ಬೇಡಲಿಲ್ಲ. ಹೆಸರನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

ಸಭೆ ಬುಧವಾರ ಕೂಡಿತು. ಮೊದಲೇ ಚಹಾ ಕೂಡ ಕೊಡಬೇಡಿ ಎಂದು ಕಾತ್ಯಾಯಿನಿ ಹೇಳಿಕಳಿಸಿದ್ದರು. ತನ್ನ ವಿಷಯ ಬಂದಾಗ ತಾನು ಒಳಗಿರಕೂಡದೆಂದು ಅವರು ಹೊರಗಿನ ಮೊಗಸಾಲೆಗೆ ಬಂದು, ಎರಡು ಕೈಯಲ್ಲೂ ಕಿಟಕಿಯ ಸರಳು ಹಿಡಿದುಕೊಂಡರು. ಅಷ್ಟು ಹೊತ್ತಿಗೆ ಕಾಲು ಮೊಣಕಾಲೆತ್ತರಕ್ಕೆ ಬಂದಿತ್ತು. ಗಾಳಿ ಬಂದಾಗ ಸೀರೆಯ ನೆರಿಗೆ ಒಂದು ಕಡೆ ವಾಲುತ್ತಿತ್ತು. ಫಿಲೋಮಿನಾ ಸೆರಗಿನ ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು ನಿಂತಳು. ಬಾಗಿಲು ಹಾಕಿತ್ತು.

‘ಏನಾಗ್ತಿದೆ ಒಳಗೆ? ನಿಮ್ಮ ಕಿವಿ ಚೆನ್ನಾಗಿದೆ, ಕೇಳಿ ಹೇಳಿ,’ ಎಂದರು ಕಾತ್ಯಾಯಿನಿ.

ನಾನು ಗೋಡೆಗೆ ಕಿವಿ ಕೊಟ್ಟೆ. ದೇವೀರಮ್ಮನವರು ವಿಷಯ ಮಂಡಿಸುತ್ತಿದ್ದರು. ತಮ್ಮದೇ ತಪ್ಪೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು, ಎಳೆಯಲಿಲ್ಲ. ಆಮೇಲೆ, ‘ಬೇಡ ಅನ್ನೋರು ಏಳ್ಬಹುದು. ಯಾರಿಗೂ ಯಾರೂ ಏನೂ ಅನ್ನಲ್ಲ’ ಎಂದರು.

ಕೂಡಲೇ ಒಂದು ಕುರ್ಚಿ ಕರ್ರೆಂದಿತು. ‘ಒಬ್ಬರು ಎದ್ದರು,’ ಎಂದೆ.

‘ಗೌಡ್ರು,’ ಎಂದಳು ಫಿಲೋಮಿನಾ.

‘ಹೌದು. ಬೂಟಿನ ಸದ್ದು.’

ಇನ್ನೊಂದು ಕುರ್ಚಿ. ಅದರ ಹಿಂದೆಯೇ ಮತ್ತೊಂದು. ಡಾಂಬರಿನವರು, ಭಾವಮೈದನವರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮತ್ತೆ ಎರಡು ಒಟ್ಟಿಗೆ. ಕಾತ್ಯಾಯಿನಿ ಸರಳಿನ ಮೇಲೆ ಹಣೆಯಿಟ್ಟರು. ಒಳಗೆ ಯಾರೋ ಪಿಸುಗುಟ್ಟಿದರು, ಯಾರೋ ಗದರಿದರು. ಆಮೇಲೆ ಊರುಗೋಲು ನೆಲಕ್ಕೆ ಊರಿದ ಸದ್ದು. ಅದು ಪಂಕ್ತಿಯಲ್ಲಿ ನಿಧಾನವಾಗಿ ಉಂಡ ಆ ಹಿರಿಯರದು. ಅವರು ಏಳುವುದೆಂದರೆ ಸಣ್ಣ ಕೆಲಸವಲ್ಲ. ಕೋಲು, ಕುರ್ಚಿಯ ಕೈ, ಒಂದು ಕೆಮ್ಮು, ಮತ್ತೆ ಕೋಲು. ಹಿರಿಯರು ಎದ್ದ ಮೇಲೆ ಅವರ ಕೇರಿಯ ಇಬ್ಬರು ಸದಸ್ಯರು ಕೂತಿರುವುದುಂಟೆ?

‘ಹಿರಿಯರಾ?’ ಎಂದರು ಕಾತ್ಯಾಯಿನಿ.

‘ಹೂಂ.’

ಒಳಗಿನಿಂದ ದೇವೀರಮ್ಮನವರ ದನಿ ಬಂತು. ‘ಅಜ್ಜಾರೇ, ನೀವೂ ಬೇಡ ಅಂತೀರಾ?’

‘ಏನು ಬ್ಯಾಡ? ಬೆನ್ನು ಹಿಡ್ಕಂಡೈತೆ ಕಣವ್ವ, ಕುರ್ಚಿ ಸರಿ ಇಲ್ಲ. ದಿಂಬಿದ್ರೆ ಕೊಡಿ, ಕೂತ್ಕತೀನಿ. ಆ ಯಮ್ಮ ನಂಗೂ ಆಗಲ್ಲ ಅಂದವ್ಳೆ. ಅಂದಿದ್ದು ಸರಿಯಾಗೇ ಐತೆ.’

ದಿಂಬು ಹುಡುಕುವ ಗದ್ದಲ. ಕೋಲು, ಕುರ್ಚಿಯ ಕೈ, ಒಂದು ಕೆಮ್ಮು. ಅದರ ಜೊತೆಗೇ, ಎದ್ದಿದ್ದವರಲ್ಲಿ ಇಬ್ಬರು ಮೆಲ್ಲಗೆ ಮತ್ತೆ ಕೂತರೋ ಏನೋ, ನನಗೆ ಸರಿಯಾಗಿ ತಿಳಿಯಲಿಲ್ಲ. ದೇವೀರಮ್ಮನವರು ಎಣಿಸತೊಡಗಿದರು. ನಾನು ಉಸಿರು ಹಿಡಿದು ಕಿವಿಯನ್ನು ಗೋಡೆಗೆ ಒತ್ತಿದೆ.

ಎಣಿಕೆ ಮುಗಿದದ್ದನ್ನು ನಾನು ಕೇಳಲಿಲ್ಲ. ಅದಕ್ಕೆ ಮೊದಲೇ ಕಾತ್ಯಾಯಿನಿ ನನ್ನ ಎಡಗಾಲಿನ ಮೇಲೆ ಬಿದ್ದರು. ಐವತ್ತೈದು ಕೇಜಿಯ ಹೆಂಗಸು ಮೊಣಕಾಲೆತ್ತರದಿಂದ ಹಿಮ್ಮಡಿಯೂರಿ ಇಳಿದರೆ ಏನಾಗುತ್ತದೋ ಅದೇ ಆಯಿತು. ‘ಅರಹಂತಾ!’ ಎಂದು ನಾನು ಕೂಗಿದ ಸದ್ದಿಗೆ ಸಭೆಯ ಬಾಗಿಲು ತೆರೆಯಿತು.

‘ಅಯ್ಯೋ, ಪೆಟ್ಟಾಯ್ತಾ? ಪೆಟ್ಟಾಯ್ತಾ ಧರಣಪ್ಪನೋರೇ?’ ಎನ್ನುತ್ತ ಅವರು ಅಳುತ್ತಿದ್ದರು, ನಗುತ್ತಿದ್ದರು, ಪರೀಕ್ಷೆಗೆಂಬಂತೆ ಇನ್ನೊಂದು ಕಾಲನ್ನೂ ನೆಲಕ್ಕೆ ಕುಟ್ಟಿ ನೋಡುತ್ತಿದ್ದರು. ಫಿಲೋಮಿನಾ ಮಾತ್ರ ಕೈಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಳ್ಳಲಾರದೆ, ‘ಮೇಡಂ, ಕುಣೀಬೇಡಿ, ನನ್ನ ಕೈ ಮುರೀತದೆ’ ಎಂದು ಗೋಳಾಡುತ್ತಿದ್ದಳು.

ಉದ್ಘಾಟನೆಗೆ ಮೊದಲು ಉಳಿದದ್ದು ಒಂದೇ ಮಧ್ಯಾಹ್ನ. ಹಿಂದೆ ಕೊಟ್ಟ ಸಲಹೆಗಳನ್ನೆಲ್ಲ ಈಗ ಮೊದಲಿಂದ ಕೊಡಬೇಕು. ನಾನು ಕಾಲಿಗೆ ಅರಿಸಿನದ ಪಟ್ಟಿ ಕಟ್ಟಿಸಿಕೊಂಡು ಸ್ಟೂಲಿನ ಮೇಲೆ ಕಾಲು ಚಾಚಿ ಕೂತೆ. ಅವರು ಓದಿದರು. ಬೆಂಚು, ಮೀನಿನ ಕಟ್ಟೆ, ಸಂತೆಯ ಸುಂಕ, ನಾಲ್ಕು ಮೋರಿ. ನಾನು ರಾತ್ರಿಯ ಊಟ ಮಾಡುವವನಲ್ಲ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬುದು ಅವರಿಗೆ ಗೊತ್ತಿತ್ತು. ನಡುವೆ ಕಿಟಕಿಯತ್ತ ನೋಡಿ ನೋಡಿ ವೇಗ ಹೆಚ್ಚಿಸಿದರು. ಆದರೂ ಒಂದು ‘ಆದರೆ’ಯನ್ನೂ ನುಂಗಲಿಲ್ಲ. ವಾರ್ಡಿನ ಕಾಗದವನ್ನು ಕೊನೆಗಿಟ್ಟುಕೊಂಡಿದ್ದರು. ಅದನ್ನು ಓದುವಾಗ ಅವರ ದನಿ ನಮ್ಮಜ್ಜ ಮಂಗಳದ ಪದ್ಯಕ್ಕೆ ಬಂದಾಗ ಆಗುತ್ತಿದ್ದ ಹಾಗೆ ನಿಧಾನವಾಯಿತು. ನಾನು ‘ಕೇಳಿಸಿತು’ ಎಂದೆ. ಊರಾಚೆಯಿಂದ ಹಾಲಿನ ಕ್ಯಾನನ್ನು ಲಾರಿಯಿಂದ ಇಳಿಸಿದಂಥ ಒಂದು ಸದ್ದು ಬಂತು. ಹಂಚಿನ ಮೇಲಿನ ಪಾರಿವಾಳಗಳು ಎದ್ದು, ಒಂದು ಸುತ್ತು ಹಾಕಿ, ಮತ್ತೆ ಕೂತವು. ಫಿಲೋಮಿನಾ ಉಲ್ಲನ್ ದಾರ ಹಿಡಿದುಕೊಂಡು ಓಡಿದಳು. ಬಂದು, ದಾರ ತೂರಲಿಲ್ಲವೆಂದು ನಮ್ಮಿಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟಳು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ತಿಂದೆ.

ಅವಳ ಮೊಮ್ಮಗು ಹೆಣ್ಣು. ಮೂರೂವರೆ ಕೇಜಿ ಇದೆ ಎಂದು ಅವಳು ಕಂಡವರಿಗೆಲ್ಲ ಹೇಳುತ್ತಾಳೆ.

ಕೆಂಚೇಗೌಡರು ಅದಾಗಿ ಒಂದು ವಾರಕ್ಕೆ ಆಫೀಸಿಗೆ ಬಂದರು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತರು.

‘ಬನ್ನಿ ಗೌಡ್ರೇ,’ ಎಂದರು ಕಾತ್ಯಾಯಿನಿ.

‘ನಾನು ಎದ್ದಿದ್ದೆ. ಕೊನೇಗಂಟ ನಿಂತೇ ಇದ್ದೆ. ಅದು ನಿಮಗೆ ಗೊತ್ತಿರ್ಲಿ.’

‘ಗೊತ್ತು. ನೀವು ಎದ್ದಿದ್ದರಿಂದ್ಲೇ ಉಳಿದೋರು ಕೂತಿದ್ದಕ್ಕೆ ಬೆಲೆ ಬಂದಿದ್ದು. ನಿಮಗೊಂದು ನಮಸ್ಕಾರ ಹೇಳೋಣ ಅಂತಿದ್ದೆ.’

ಗೌಡರಿಗೆ ಇದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡರು. ‘ಅದೇ ನಮ್ಮಪ್ಪನ ಭವನದ ವಿಚಾರ... ಈಗ್ಲಾದ್ರೂ?’

‘ಕಾಲುವೆ ಮೇಲೆ ಆಗಲ್ಲ.’

‘ನೋಡ್ದಾ! ನೋಡ್ದಾ ಧರಣಪ್ಪ! ಮತ್ತೆ ಅದೇ!’ ಗೌಡರು ಮೇಜು ಗುದ್ದಿದರು. ‘ಆಯ್ತು ಬುಡಿ. ಬರೋ ಸಭೇಲಿ ನಿಮ್ಮನ್ನ ತೆಗೀಬೇಕು ಅಂತ ನಾನೇ ವಿಷ್ಯ ಎತ್ತುತೀನಿ. ಎಂಗೆ ಉಳ್ಕತೀರೋ ನೋಡೇ ಬುಡ್ತೀನಿ.’

‘ಎತ್ತಿ. ಆದ್ರೆ ಸುಮ್ನೆ ಎದ್ದು ಹೇಳಿದ್ರೆ ಅದು ನಿಲ್ಲಲ್ಲ ಗೌಡ್ರೇ. ಮೊದ್ಲೇ ಬರೆದು ಕೊಡ್ಬೇಕು, ಕಾರಣ ಹೇಳ್ಬೇಕು, ನನ್ನ ಮಾತೂ ಕೇಳ್ಬೇಕು. ಇಲ್ಲಾಂದ್ರೆ ನೀವೇ ಮಂಡಿಸಿದ್ದು ಗಾಳೀಲಿ ಹೋಗುತ್ತೆ. ಹೇಗೆ ಮಾಡ್ಬೇಕು ಅಂತ ಸರಿಯಾಗಿ ಹೇಳ್ಕೊಡ್ಲಾ?’

ಗೌಡರು ಅವರ ಮುಖವನ್ನು ನೋಡಿದರು. ನನ್ನ ಮುಖವನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಜೇಬಿನಿಂದ ಪೆನ್ನು ತೆಗೆದು, ‘ಒಸಿ ನಿಧಾನುಕ್ಕೆ ಹೇಳವ್ವ, ಬರ್ಕತೀನಿ’ ಎಂದರು.